ಮುತ್ತತ್ತಿಯ ಮಡುವೂ ರಾಗಿಯ ಉಂಡೆಯೂ

ಹಲಗೂರನ್ನು ಬಿಟ್ಟು ದಕ್ಷಿಣಕ್ಕೆ ಹೊರಳಿದ ದಾರಿ ಸ್ವಲ್ಪ ದೂರ ರಾಗಿ ಹುರುಳಿಯ ಹೊಲಗಳ ನಡುವೆ ಸಾಗಿ, ತರುವಾಯ ಕುರುಚಲು ಕಾಡನ್ನು ಹೊಕ್ಕು, ಬೆಟ್ಟದ ಓರೆಯಲ್ಲಿ ಸುತ್ತಿ ಸುತ್ತಿ ಇಳಿಯತೊಡಗುತ್ತದೆ. ಬೇಸಗೆಯ ಬಿಸಿಲಿಗೆ ಬೂದಿಬಣ್ಣ ತಳೆದ ಆ ಕಾಡಿನಲ್ಲಿ ಮುಂದೆಲ್ಲೋ ಒಂದು ಮಹಾನದಿ ಹರಿಯುತ್ತಿದೆಯೆಂಬ ಸುಳಿವು ಕೊನೆಯ ತಿರುವಿನವರೆಗೂ ಸಿಕ್ಕದು. ಅದನ್ನು ದಾಟಿದೊಡನೆ ಹೊಳೆಮತ್ತಿಯ ಮರಗಳ ಹಸುರು ಸಾಲು, ಅದರಾಚೆ ಆನೆಗಳ ಹಿಂಡು ಮಲಗಿದಂತೆ ಕಾಣುವ ಬಂಡೆಗಳು, ಬಂಡೆಗಳ ನಡುವೆ ಕಾವೇರಿ. ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕಿ, ಶಿಂಷೆಯನ್ನು ಕೂಡಿಕೊಂಡು ಬಂದ ನದಿ, ಮುಂದೆ ಮೇಕೆದಾಟಿನ ಇಕ್ಕಟ್ಟಿಗೆ ಸಿಕ್ಕುವ ಮೊದಲು ಒಮ್ಮೆ ಸಾವಕಾಶವಾಗಿ ಉಸಿರು ಬಿಡುವ ಎಡೆ ಇದು. ಊರಿನ ಹೆಸರು ಮುತ್ತತ್ತಿ.

ಹೆಸರಿಗೊಂದು ಕಥೆಯುಂಟು. ವನವಾಸ ಮುಗಿಸಿ ಮರಳುವಾಗ ಸೀತಾದೇವಿ ಇಲ್ಲಿ ಮೀಯಲಿಳಿದಳಂತೆ. ಮೂಗುತಿಯ ಮುತ್ತು ಜಾರಿ ನೀರುಪಾಲಾಯಿತಂತೆ. ಆಂಜನೇಯ ತನ್ನ ಬಾಲವನ್ನು ಮಡುವಿಗಿಳಿಸಿ, ನೀರನ್ನೆಲ್ಲ ಕಡೆದು, ಮುತ್ತನ್ನೆತ್ತಿ ಕೊಟ್ಟನಂತೆ. ಅಂದಿನಿಂದ ಅವನು ಮುತ್ತತ್ತಿರಾಯ. ಶನಿವಾರ ಭಾನುವಾರಗಳಲ್ಲಿ ಬೆಂಗಳೂರು, ಮಂಡ್ಯ, ಮೈಸೂರುಗಳಿಂದ ಬರುವ ಭಕ್ತರು ರಾಯನಿಗೆ ಕೈಮುಗಿದು, ಮರದ ನೆರಳಲ್ಲಿ ಬುತ್ತಿ ಬಿಚ್ಚಿ, ಸಂಜೆಗೆ ಬಸ್ಸು ಹಿಡಿಯುತ್ತಾರೆ. ಆಳವನ್ನರಿಯದೆ ನೀರಿಗಿಳಿದು ಮರಳದವರೂ ಉಂಟು. ಮೇಲೆ ಕನ್ನಡಿಯಂತೆ ತೋರುವ ಈ ನೀರಿನ ಒಳಗೆ ಬಂಡೆಯ ಕೊರಕಲುಗಳೂ ಸುಳಿಗಳೂ ಇವೆ. ಬಟ್ಟೆ ಬಿಚ್ಚುವ ಮುನ್ನ ಊರವರನ್ನೊಮ್ಮೆ ವಿಚಾರಿಸುವುದು ಲೇಸು.

ಬಂದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ತಿಳಿಯದ ಸಂಗತಿಯೊಂದಿದೆ. ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ, ಕಡೆಗೆ ಅರ್ಕಾವತಿ ಬಂದು ಸೇರುವ ಸಂಗಮ, ಹೀಗೆ ಸಾಲಾಗಿರುವ ಮಡುಗಳ ಹೆಸರನ್ನು ಇಂಗ್ಲೆಂಡಿನ ಗಾಳಗಾರರು ಜಪದಂತೆ ಹೇಳುತ್ತಿದ್ದ ಕಾಲವೊಂದಿತ್ತು. ಸಾವಿರಾರು ಮೈಲಿ ದಾಟಿ ಅವರು ಬರುತ್ತಿದ್ದುದು ಒಂದು ಮೀನಿಗಾಗಿ. ಆ ಮೀನನ್ನು ಒಲಿಸಿಕೊಳ್ಳಲು ಅವರು ನೆಚ್ಚುತ್ತಿದ್ದುದು, ಮಂಡ್ಯ ಸೀಮೆಯ ಮನೆಮನೆಯಲ್ಲೂ ದಿನಕ್ಕೆರಡು ಹೊತ್ತು ಮುದ್ದೆಯಾಗುವ ರಾಗಿಹಿಟ್ಟನ್ನು!

ಇಂಗ್ಲಿಷರು ಮಹಶೀರ್ ಎಂದು ಕರೆಯುವ ಈ ಮೀನಿಗೆ ಹೊಳೆಯ ದಡದವರ ಹೆಸರು ಬಿಳಿಮೀನು. ವಂಶಾವಳಿಯನ್ನು ಕೆದಕಿದರೆ ಇದು ಗೆಂಡೆಯ ಕುಲಕ್ಕೆ ಸೇರಿದ್ದು; ನಮ್ಮ ಕೆರೆಗಳ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳಿಗೆ ದಾಯಾದಿ. ಆದರೆ ಕೆರೆಯ ದಾಯಾದಿಗಳು ಕೆಸರಿನಲ್ಲಿ ಸುಖವಾಗಿ ಮೈಬೆಳೆಸಿದರೆ, ಇದು ಪ್ರವಾಹದೊಡನೆ ಹೋರಾಡಿ ಬೆಳೆದದ್ದು. ಅಂಗೈಯಗಲದ ಹುರುಪೆಗಳು, ದಪ್ಪ ತುಟಿ, ತುಟಿಯ ಇಕ್ಕೆಲದಲ್ಲಿ ಮೀಸೆಗಳು. ಗೆಂಡೆಯ ಕುಲಕ್ಕೆಲ್ಲ ಸಮಾನವಾದ ವೈಚಿತ್ರ್ಯವೊಂದು ಇದಕ್ಕೂ ಇದೆ: ದವಡೆಯಲ್ಲಿ ಒಂದೂ ಹಲ್ಲಿಲ್ಲ; ಹಲ್ಲಿರುವುದು ಗಂಟಲಿನಲ್ಲಿ. ಏಡಿಯನ್ನು ಚಿಪ್ಪಿನ ಸಮೇತ ಒಳಗೆಳೆದುಕೊಂಡು ಗಂಟಲಲ್ಲೇ ಅರೆದುಬಿಡುವ ಆ ಹಲ್ಲುಗಳ ಬಲಕ್ಕೆ ಉಕ್ಕಿನ ಗಾಳಗಳು ಚಪ್ಪಟೆಯಾದುದುಂಟು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಸಿಕ್ಕ ಮಹಶೀರಿನ ತೂಕ 120 ಪೌಂಡು, ಎಂದರೆ ಹೆಚ್ಚು ಕಡಿಮೆ 54 ಕಿಲೋಗ್ರಾಂ. ಸತ್ತ ಹುಲಿ ಚಿರತೆಗಳಿಗೆ ಜೀವಕಳೆ ಕೊಡುವುದರಲ್ಲಿ ಜಗತ್ಪ್ರಸಿದ್ಧವಾಗಿದ್ದ ಮನೆತನ ಅದು.

ಗೆಂಡೆಯನ್ನು ಹಿಡಿಯುವ ವಿದ್ಯೆಯ ಮುಕ್ಕಾಲು ಪಾಲು ಅದನ್ನು ಉಣಿಸುವ ವಿದ್ಯೆ. ಹುಲಿಯಂತೆ ಬೇಟೆಯ ಮೇಲೆ ಎರಗುವ ಮೀನಲ್ಲ ಅದು; ತಳದಲ್ಲಿ ಮೂಸುತ್ತ, ಮೀಸೆಯಿಂದ ತಡವುತ್ತ, ರುಚಿ ನೋಡಿ ಬೇಡವಾದದ್ದನ್ನು ಉಗಿಯುತ್ತ ಬರುವ ಸಾವಧಾನದ ಪ್ರಾಣಿ. ಅದನ್ನು ಒಂದೆಡೆ ನಿಲ್ಲಿಸಬೇಕಾದರೆ ಅಲ್ಲಿ ಊಟವಿದೆಯೆಂಬ ನಂಬಿಕೆ ಹುಟ್ಟಿಸಬೇಕು. ಇಂಗ್ಲೆಂಡಿನ ಕೆರೆ ಕೊಳಗಳಲ್ಲಿ ಇದಕ್ಕಾಗಿಯೇ ಫೀಡರ್ ಎಂಬ ಸಾಧನ ಬಳಕೆಯಲ್ಲಿದೆ. ತಂತಿಯ ಇಲ್ಲವೆ ಪ್ಲಾಸ್ಟಿಕ್ಕಿನ ಪುಟ್ಟ ಪಂಜರ. ಅದರ ಮಗ್ಗುಲಿಗೆ ಸೀಸದ ತೂಕ. ಒಳಗೆ ಬ್ರೆಡ್ಡಿನ ಪುಡಿ ಮೊದಲಾದ ಮೇವನ್ನು ಒತ್ತಿ ತುಂಬಿ, ಅದರ ಪಕ್ಕದಲ್ಲೇ ಮೆಕ್ಕೆಜೋಳದ ಕಾಳನ್ನೋ ಹುಳುವನ್ನೋ ಸಿಕ್ಕಿಸಿದ ಗಾಳವನ್ನು ಇಳಿಬಿಟ್ಟು ಎಸೆಯುತ್ತಾರೆ. ಪಂಜರ ತಳ ಸೇರಿದ ಮೇಲೆ ಮೇವು ಕರಗಿ ಹರಡುತ್ತದೆ. ಪರಿಮಳ ಹಿಡಿದು ಬಂದ ಗೆಂಡೆ ಪುಡಿಯನ್ನು ಮುಕ್ಕುತ್ತ ಮುಕ್ಕುತ್ತ ಗಾಳದ ಕಾಳಿಗೂ ಬಾಯಿ ಹಾಕುತ್ತದೆ. ಮೇವಿಗೆ ನೀರು ಬೆರೆಸುವುದರಲ್ಲೇ ಎಲ್ಲ ಗುಟ್ಟು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಉದುರಬೇಕು. ನೀರು ಹೆಚ್ಚಾದರೆ ಪಂಜರದಲ್ಲೇ ಕಲ್ಲಾಗಿ ಕೂತೀತು. ಕಡಿಮೆಯಾದರೆ ಎಸೆತದಲ್ಲೇ ಗಾಳಿಪಾಲು. ಎಸೆತವೂ ಅಷ್ಟೆ, ಮತ್ತೆ ಮತ್ತೆ ಅದೇ ಎಡೆಗೆ ಬೀಳಬೇಕು. ಇಲ್ಲಿ ಹಿಡಿ, ಅಲ್ಲಿ ಹಿಡಿ ಚೆಲ್ಲಿದರೆ ಮೀನು ಕೆರೆಯೆಲ್ಲ ಅಲೆದೀತೇ ಹೊರತು ನಿಲ್ಲದು. ಮೊದಲ ಗಂಟೆಯಲ್ಲೇ ಧಾರಾಳ ತೋರಿದವನ ಮೀನು ಹೊಟ್ಟೆ ತುಂಬಿ ಹಿಂದಿರುಗುವುದೂ ಉಂಟು.

ನಮ್ಮ ನಾಡಿನ ಕೆರೆ ಏರಿಗಳ ಮೇಲೆ ಕುಳಿತು ಕಾಟ್ಲಾ ಹಿಡಿಯುವವರಿಗೂ ಇದು ಹೊಸತಲ್ಲ. ಅಕ್ಕಿತೌಡು, ಕಡಲೆಕಾಯಿ ಹಿಂಡಿಗಳನ್ನು ಕಲಸಿ ಸುರುಳಿತಂತಿಯ ಸುತ್ತ ಮೆತ್ತಿ, ಸುತ್ತಲೂ ಸಣ್ಣ ಗಾಳಗಳನ್ನು ಹುದುಗಿಸಿ ಎಸೆಯುತ್ತಾರೆ. ಇನ್ನೂ ಹಿಂದಕ್ಕೆ ಹೋಗುವುದಾದರೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನಿನ ಜಾತಿಗಳೆಷ್ಟು, ಯಾವುದಕ್ಕೆ ಯಾವ ಆಹಾರ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅರಸ ತಾಳ್ಮೆಯಿಂದ ಹೇಳುತ್ತಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದು ವಿದ್ವಾಂಸರ ಗಮನ ಸೆಳೆದರು. ಮೀನಿಗೆ ಮೊದಲು ಉಣಿಸಿ ಆಮೇಲೆ ಗಾಳ ಹಾಕುವ ಪಾಠವನ್ನು ನಾವು ಯಾರಿಂದಲೂ ಕಡ ತರಬೇಕಾಗಿರಲಿಲ್ಲ.

ಆದರೆ ಕಾವೇರಿ ಕೆರೆಯಲ್ಲ. ಇಲ್ಲಿಯ ಸೆಳೆತಕ್ಕೆ ಪಂಜರದ ಪುಡಿ ನಿಮಿಷದಲ್ಲಿ ಕೊಚ್ಚಿಹೋದೀತು. ಮೇವೂ ಆಗಬೇಕು, ಗಾಳವನ್ನು ಮುಚ್ಚುವ ಎರೆಯೂ ಆಗಬೇಕು, ಸಣ್ಣಮೀನುಗಳ ಕುಟುಕಿಗೆ ಜಗ್ಗದೆ ಗಂಟೆಗಟ್ಟಲೆ ನಿಲ್ಲಲೂ ಬೇಕು. ಈ ಮೂರು ಕೆಲಸಗಳನ್ನು ಒಂದೇ ಉಂಡೆಯಿಂದ ಮಾಡಿಸಿದವರು ನದೀತೀರದ ಹಳ್ಳಿಗಳ ಜನ.

ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಟ್ಟಿಯಾಗಿ ಕಲಸಿ, ದೊಡ್ಡ ಉಂಡೆಗಳಾಗಿ ಕಟ್ಟಿ, ಕುದಿಯುವ ನೀರಿಗೆ ಬಿಡುತ್ತಾರೆ. ಅರ್ಧ ಗಂಟೆಯಷ್ಟು ಬೆಂದ ಮೇಲೆ ಹೊರಗಿನ ಪದರ ಹೊಳಪು ತಳೆಯುತ್ತದೆ. ಒಳಗೆ ಇನ್ನೂ ಹಸಿ. ಬಿಸಿ ಆರುವ ಮೊದಲೇ ಅದನ್ನು ಒಡೆದು, ಬೆಂದದ್ದನ್ನೂ ಹಸಿಯನ್ನೂ ಬೆರೆಸಿ ನಾದಬೇಕು. ಈ ನಾದುವುದರಲ್ಲಿಯೇ ಕೈಯ ಹದ. ಮೃದುವಾದರೆ ಹೊಳೆಯ ಪುಟ್ಟ ಮೀನುಗಳು ಕ್ಷಣದಲ್ಲಿ ಗಾಳವನ್ನು ಬರಿದು ಮಾಡಿಬಿಡುತ್ತವೆ; ಕಲ್ಲಿನಂತಾದರೆ ಮೀನು ಕಚ್ಚಿದಾಗ ಗಾಳದ ಮೊನೆ ಹಿಟ್ಟನ್ನು ಸೀಳಿ ಹೊರಬರಲಾರದು. ಸರಿಯಾಗಿ ನಾದಿದ ಉಂಡೆ ನೀರಿನಲ್ಲಿ ಹೊರಗಿನಿಂದ ಸವೆಯುತ್ತ, ಕೆಳಹರಿವಿಗೆ ತನ್ನ ವಾಸನೆಯ ಎಳೆಯನ್ನು ಬಿಡುತ್ತ ಕೂತಿರುತ್ತದೆ. ಆ ಎಳೆಯನ್ನು ಹಿಡಿದು ಮೀನು ಮೇಲೇರಿ ಬರಬೇಕು. ಸೋಂಪು, ಬೆಲ್ಲ, ಸಾರಿನ ಪುಡಿ ಎಂದು ಒಬ್ಬೊಬ್ಬರದು ಒಂದೊಂದು ಸೇರ್ಪಡೆ. ಅದನ್ನು ಒಬ್ಬ ಇನ್ನೊಬ್ಬನಿಗೆ ಹೇಳಿಕೊಡುತ್ತಿರಲಿಲ್ಲ. ಸೊಸೆಗೆ ಸಾರಿನ ಪುಡಿಯ ಗುಟ್ಟು ಬಿಡದ ಅತ್ತೆಯರು ನದೀತೀರದಲ್ಲಿಯೂ ಇದ್ದರೆಂದು ತಿಳಿದರೆ ಸಾಕು.

ಉಂಡೆಯ ಗಾತ್ರ ನಿಂಬೆಹಣ್ಣಿನಿಂದ ಹಿಡಿದು ಕಿತ್ತಳೆಯವರೆಗೆ. ಸಣ್ಣಮೀನಿನ ಕಾಟ ಹೆಚ್ಚಿದಷ್ಟೂ ಉಂಡೆ ದೊಡ್ಡದು. ಗಾಳದಿಂದ ಸ್ವಲ್ಪ ಮೇಲೆ ದಾರಕ್ಕೆ ಸೀಸದ ತಂತಿಯನ್ನು ಸುರುಳಿಯಾಗಿ ಸುತ್ತುತ್ತಾರೆ. ಪೇಟೆಯ ಅಂಗಡಿಯ ಗುಂಡುಸೀಸಕ್ಕಿಂತ ಈ ಸುರುಳಿ ಮೇಲು. ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಸೀಸ ಜಾರಿ ಉಳಿಯುತ್ತದೆ, ದಾರವೂ ಮೀನೂ ಉಳಿಯುತ್ತವೆ. ಕೋಲು ಎಷ್ಟೇ ಬೆಲೆಬಾಳಲಿ, ರಾಟೆ ಎಷ್ಟೇ ನುಣುಪಾಗಿರಲಿ, ದಾರ ಬಂಡೆಗೆ ಉಜ್ಜಿದರೆ ಎಲ್ಲ ಮುಗಿಯಿತು. ಆದ್ದರಿಂದ ಪ್ರತಿ ಹಿಡಿತದ ಬಳಿಕ ದಾರದ ತುದಿಯನ್ನು ಬೆರಳ ನಡುವೆ ಎಳೆದು ನೋಡಿ, ತರಿ ಹತ್ತಿದ ಮಾರುದ್ದವನ್ನು ಕತ್ತರಿಸಿ ಎಸೆಯುವುದು ಪದ್ಧತಿ. ಜಿಪುಣನಿಗೆ ಈ ನದಿಯಲ್ಲಿ ಮೀನು ದಕ್ಕದು.

ಆಮೇಲೆ ಕಾಯುವುದು. ಕೋಲು ಕೈಯಲ್ಲಿ, ದಾರ ತೋರುಬೆರಳ ಮೇಲೆ. ಬೆರಳಿಗೆ ಮೊದಲು ತಿಳಿಯುವುದು ಟಿಕ್ ಟಿಕ್ಕೆಂಬ ಪುಟ್ಟ ಮೀನುಗಳ ಕುಟುಕು. ಅದು ತಟಕ್ಕನೆ ನಿಂತುಬಿಟ್ಟರೆ ಎಚ್ಚರ! ದೊಡ್ಡದು ಹತ್ತಿರ ಬಂದಿತೆಂದು ಸಣ್ಣವು ಚೆದರಿರಬಹುದು. ಮರುಕ್ಷಣ ಕೋಲು ಬಾಗಿ, ರಾಟೆ ಚೀರಿ, ನೂರು ಗಜ ದಾರ ಕೆಳಗಿನ ಹರವಿಗೆ ಓಡಿಬಿಡುತ್ತದೆ. ಗಾಳಗಾರ ಬಂಡೆಯಿಂದ ಬಂಡೆಗೆ ಹಾರುತ್ತ ಹಿಂದೆ ಓಡಬೇಕು. ಮೀನು ಬಂಡೆಯನ್ನು ಸುತ್ತಿಕೊಂಡರೆ ತೆಪ್ಪದವನು ಸೆಳೆತಕ್ಕೆ ತೆಪ್ಪ ಬಿಟ್ಟು, ಆಚೆ ಬದಿಯಿಂದ ದಾರ ಬಿಡಿಸಬೇಕು. ಮರಳದಂಡೆಯಲ್ಲಿ ಮೊಸಳೆ ಬಾಯಿತೆರೆದು ಮಲಗಿರುವುದೂ, ಸಂಜೆಯ ಹೊತ್ತಿಗೆ ಆನೆಗಳು ನೀರಿಗಿಳಿಯುವುದೂ ಈ ಓಟದ ನಡುವೆ ನೆನಪಿಗೆ ಬರುವುದಿಲ್ಲ.

ಮಂಗಳೂರಿನಲ್ಲಿ 1873ರಲ್ಲಿ ಅಚ್ಚಾದ ಎಚ್. ಎಸ್. ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿಯ ಗ್ರಂಥದಿಂದ ಮಹಶೀರಿನ ಕೀರ್ತಿ ಸಾಗರ ದಾಟಿತ್ತು. ಸ್ವಾತಂತ್ರ್ಯಾನಂತರ ಅದು ಮಂಕಾಗಿ, ಕಾವೇರಿಯಲ್ಲಿ ಆ ಮೀನು ಇದೆಯೋ ಇಲ್ಲವೋ ಎಂಬಷ್ಟರಮಟ್ಟಿಗೆ ಮರೆತುಹೋಯಿತು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ತರುಣರಲ್ಲಿ ಒಬ್ಬನಿಗೆ 92 ಪೌಂಡಿನ ಮೀನು ಸಿಕ್ಕಿದ್ದೇ ತಡ, ಪತ್ರಿಕೆಗಳಲ್ಲಿ ಚಿತ್ರಗಳು ಬಂದುವು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳೆದ್ದುವು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘವೂ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಕೊಲ್ಲಬಾರದೆಂಬುದು ಶಿಬಿರಗಳ ಕಟ್ಟಳೆ. ಹಿಡಿದ ಮೀನಿನ ಉದ್ದ ಸುತ್ತಳತೆ ತೆಗೆದು, ಒಂದು ಚಿತ್ರ ಹಿಡಿದು, ದಣಿವಾರುವವರೆಗೆ ನೀರಿನಲ್ಲೇ ಆತುಕೊಂಡು, ಹೊಳೆಗೇ ಬಿಡಬೇಕು.

ಉಂಡೆ ಕಟ್ಟಿಕೊಡುವ, ಮಡು ತೋರಿಸುವ, ತೆಪ್ಪ ಹಾಕುವ ಕೆಲಸಕ್ಕೆ ಬಂದವರು ಅಕ್ಕಪಕ್ಕದ ಹಳ್ಳಿಯವರೇ. ಸ್ಕಾಟ್ಲೆಂಡಿನ ಪದವನ್ನು ತಂದು ಅವರಿಗೆ ಗಿಲ್ಲಿಗಳೆಂದು ಹೆಸರಿಟ್ಟರು. ಅವರಲ್ಲಿ ಕೆಲವರು ಹಿಂದೆ ಇದೇ ಮಡುಗಳಿಗೆ ಸಿಡಿಮದ್ದು ಎಸೆದು ಮೀನು ಬಾಚಿದವರು. ಯಾವ ಬಂಡೆಯ ಕೆಳಗೆ ಯಾವ ಮೀನು ಮಲಗುತ್ತದೆಂದು ಕಳ್ಳನಿಗಿಂತ ಚೆನ್ನಾಗಿ ಬಲ್ಲವರಾರು? ಸಂಬಳ ಸಿಕ್ಕಿತು, ಸಿಡಿಮದ್ದು ನಿಂತಿತು. ರಾತ್ರಿ ಎಲ್ಲಿಯಾದರೂ ಸದ್ದು ಕೇಳಿದರೆ ಮೊದಲು ಓಡುವವರು ಅವರೇ ಆದರು. ಈ ಮಾರ್ಪಾಟು ಯಾವ ಕಾನೂನಿನಿಂದಲೂ ಅಷ್ಟು ಬೇಗ ಆಗುತ್ತಿರಲಿಲ್ಲವೆಂಬುದು ನಿಷ್ಪಕ್ಷಪಾತಿಗಳು ಒಪ್ಪಬೇಕಾದ ಮಾತು.

ಹಾಗೆಂದು ಗಾಳಗಾರರ ಪಕ್ಷವೇ ಸರಿಯೆನ್ನಲೂ ಬಾರದು. ಮೀನು ಹೆಚ್ಚಲೆಂಬ ಸದುದ್ದೇಶದಿಂದ ಕಾವೇರಿಗೆ ಮರಿಗಳನ್ನು ತಂದು ಬಿಟ್ಟರಷ್ಟೆ. ಲೋನಾವಳದ ಟಾಟಾ ಕೇಂದ್ರದಲ್ಲಿ ಬೆಳೆಸಿದ ಆ ಮರಿಗಳು ನೀಲಿರೆಕ್ಕೆಯ ಮಹಶೀರ್, ಕೃಷ್ಣಾ ಕೊಳ್ಳದ ಕಡೆಯದು. ಕಾವೇರಿಯದೇ ಆದ ಮೀನು ಬೇರೆ: ಬೆನ್ನಿನ ಮೇಲೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ. ಹೊಸ ನೆಂಟ ಸೊಗಸಾಗಿ ಹೊಂದಿಕೊಂಡ; ಉಂಡೆ ಹಾಕಿದಲ್ಲೆಲ್ಲ ಅವನೇ ಸಿಕ್ಕತೊಡಗಿದ. ಶಿಬಿರದ ದಿನಚರಿಗಳಲ್ಲಿ ಮೀನುಗಳ ಎಣಿಕೆ ವರ್ಷವರ್ಷಕ್ಕೂ ಏರಿದುದನ್ನು ಕಂಡು ಎಲ್ಲರೂ ಹಿಗ್ಗಿದರು. ಅದೇ ದಿನಚರಿಗಳನ್ನು ವಿಜ್ಞಾನಿಗಳು ಮುಂದೆ ಕೂಲಂಕಷವಾಗಿ ನೋಡಿದಾಗ, ಏರಿದುದೆಲ್ಲ ನೀಲಿರೆಕ್ಕೆಯ ಲೆಕ್ಕ, ಗೂನುಬೆನ್ನಿನ ಮನೆಯೊಡೆಯ ಸದ್ದಿಲ್ಲದೆ ಇಳಿದುಹೋಗುತ್ತಿದ್ದನೆಂಬುದು ತಿಳಿಯಿತು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಅರ್ಧ ಜಗತ್ತು ಹೊಗಳಿದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮಧೇಯವೇ ನಿಶ್ಚಯವಾಗಿರಲಿಲ್ಲ. ಕಾವೇರಿಯ ಉಪನದಿಗಳ ಬಳಗಕ್ಕೆ ಸೇರಿದ ಮೋಯಾರಿನಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವರ್ಣಿತವಾಗಿದ್ದ ಟಾರ್ ರೇಮದೇವಿಯೇ ಇದೆಂದು ಗೊತ್ತುಮಾಡಿದ್ದು 2018ರಲ್ಲಿ. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ಅಂಚಿನ ಅತ್ಯಂತ ಗಂಭೀರ ಪಟ್ಟಿಗೂ ಸೇರಿತು.

ಅಷ್ಟರಲ್ಲಿ ಗಾಳಗಳು ಮೂಲೆ ಸೇರಿದ್ದುವು. 1987ರಲ್ಲಿಯೇ ಈ ಪ್ರದೇಶ ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಗಿತ್ತು. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಕಾಯ್ದೆಯ ಕಣ್ಣಿಗೆ ಬೇಟೆಯೇ ಎಂಬ ನಿರ್ಣಯದಿಂದ 2012ರ ಸುಮಾರಿಗೆ ಆಟ ನಿಂತಿತು. ಶಿಬಿರಗಳಿಗೆ ಈಗಲೂ ಪ್ರವಾಸಿಗರು ಬರುತ್ತಾರೆ. ತೆಪ್ಪದಲ್ಲಿ ಕೂರುತ್ತಾರೆ, ಹಕ್ಕಿ ನೋಡುತ್ತಾರೆ. ಆನೆಗೂ ಚಿರತೆಗೂ ಇರುವ ರಕ್ಷಣೆ ಮೀನಿಗೂ ಇರಲೆಂಬ ವಾದದಲ್ಲಿ ತಪ್ಪೇನೂ ಇಲ್ಲ. ಆದರೆ ಉಂಡೆ ಹಿಡಿದು ಹಗಲು ರಾತ್ರಿ ಮಡುವಿನ ಬಳಿ ಕೂತಿರುತ್ತಿದ್ದ ಕಣ್ಣುಗಳು ಕಡಿಮೆಯಾದುವು. ಆನೆಯ ಹೆಜ್ಜೆಯನ್ನು ಕಾವಲುಗಾರ ನೆಲದ ಮೇಲೆ ಕಾಣಬಲ್ಲ. ನೀರೊಳಗಣ ಮೀನು ಇದೆಯೋ ಹೋಯಿತೋ ಎಂಬುದನ್ನು ಉಣಿಸುವವನಲ್ಲದೆ ಮತ್ತಾರು ಹೇಳಬೇಕು?

ಉಣಿಸಿ ಉಳಿಸಿಕೊಂಡ ನಿದರ್ಶನಗಳು ನಾಡಿನಲ್ಲಿ ಬೇರೆಡೆ ಇಲ್ಲದಿಲ್ಲ. ಶೃಂಗೇರಿಯ ತುಂಗೆಯ ಸೋಪಾನದಲ್ಲಿ, ಕಾವೇರಿಯದೇ ದಡದ ರಾಮನಾಥಪುರದಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಯಾತ್ರಿಕರು ಪುರಿ ಎರಚುತ್ತಾರೆ. ಮೀನುಗಳು ಕರುಗಳಂತೆ ಒಂದರ ಮೇಲೊಂದು ಬಿದ್ದು ಮುಕ್ಕುತ್ತವೆ. ಅಲ್ಲಿ ಗಾಳ ಹಾಕುವ ಧೈರ್ಯ ಯಾರಿಗೂ ಇಲ್ಲ. ಆದರೂ ಶಿಶಿಲದಲ್ಲಿ 1996ರಲ್ಲಿ ದುರುಳರು ಹೊಳೆಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದುವು. ಊರವರು ಅವುಗಳಿಗೊಂದು ಸ್ಮಾರಕವನ್ನು ಕಟ್ಟಿದ್ದಾರೆ. ಕೈಯಿಂದ ಉಂಡ ಮೀನು ಕೈಯನ್ನು ನಂಬುತ್ತದೆ. ಯಾರ ಕೈಯೆಂದು ಅದಕ್ಕೆ ಹೇಗೆ ತಿಳಿಯಬೇಕು?

ಮುತ್ತತ್ತಿಯಲ್ಲಿ ಒಂದು ಶನಿವಾರ ಮಧ್ಯಾಹ್ನ. ರಾಯನ ದರ್ಶನ ಮುಗಿಸಿದ ಬೆಂಗಳೂರಿನ ಸಂಸಾರವೊಂದು ಮತ್ತಿಯ ನೆರಳಲ್ಲಿ ಜಮಖಾನೆ ಹಾಸಿದೆ. ಸ್ವಲ್ಪ ದೂರದಲ್ಲಿ ಒಬ್ಬ ಮುದುಕ ಬಂಡೆಯ ಮೇಲೆ ಕುಳಿತು ಬಟ್ಟಲಿನ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಿದ್ದಾನೆ. ಶಿಬಿರಗಳಿದ್ದ ಕಾಲದಲ್ಲಿ ಅವನೂ ಉಂಡೆ ಕಟ್ಟಿದವನೇ ಎಂದು ಪಕ್ಕದ ಸೌತೆಕಾಯಿ ಮಾರುವವಳು ಹೇಳಿದಳು. ಕೇಳಿದ್ದೇ ತಡ, ಸಂಸಾರದ ಹತ್ತು ವರ್ಷದ ಹುಡುಗ ಹೋಗಿ ಎದುರು ನಿಂತ.

“ತಾತ, ಆ ಉಂಡೆ ಹೇಗೆ ಮಾಡೋದು?”

ಮುದುಕ ಹುಡುಗನನ್ನೂ, ಹಿಂದೆ ಬಂದ ತಂದೆಯನ್ನೂ ನೋಡಿದ. “ಈಗ ಗಾಳ ಹಾಕಂಗಿಲ್ಲ ಸ್ವಾಮಿ. ಕಾನೂನು.”

“ಗಾಳ ಬೇಡ ಯಜಮಾನರೆ, ಸುಮ್ಮನೆ ಕೇಳ್ತಾನೆ,” ಎಂದರು ತಂದೆ.

ಮುದುಕ ಮುದ್ದೆಯ ಕೊನೆಯ ತುಣುಕನ್ನು ಮುರಿದು, ಸಾರು ತಾಗದ ಬದಿಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ನಾದತೊಡಗಿದ. “ಇದು ಮೆತ್ತಗಾಯ್ತು ಮಗ. ಮನುಷ್ಯರ ಹಿಟ್ಟು ನುಂಗಕ್ಕೆ, ಮೀನಿನ ಹಿಟ್ಟು ತಡೆಯಕ್ಕೆ. ಆದ್ರೂ ನೋಡು.” ನಾದುವ ಕೈ ಮಾತಿಗಿಂತ ಮುಂದಿತ್ತು, ಎಂಟು ಹತ್ತು ಸಲ ತಿರುವುವಷ್ಟರಲ್ಲಿ ಬಿರುಕಿಲ್ಲದ ನಿಂಬೆಯಷ್ಟು ಉಂಡೆಯಾಯಿತು. “ಅಗೋ, ಆ ಬಂಡೆ ಮಗ್ಗುಲಲ್ಲಿ ನೀರು ತಿರುಗ್ತದಲ್ಲ, ಅದರ ಮೇಲ್ಗಡೆ ಹಾಕು. ಒಳಗೆ ತಾನಾಗೆ ತಕ್ಕೊಂಡು ಹೋಯ್ತದೆ.”

ಹುಡುಗ ಎಸೆದ. ಉಂಡೆ ಹೇಳಿದ ಎಡೆಗೆ ಒಂದು ಮಾರು ಈಚೆ ಬಿತ್ತು. ನೀರು ಅದನ್ನು ಎಳೆದುಕೊಂಡು ಬಂಡೆಯ ನೆರಳಿಗೆ ಸೇರಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ. ತಾಯಿ ಊಟಕ್ಕೆ ಕೂಗಿದರು. ಹುಡುಗ ತಿರುಗುವಷ್ಟರಲ್ಲಿ ನೆರಳಿನ ಕೆಳಗೆ ನೀರು ಒಮ್ಮೆ ಉಬ್ಬಿ, ಚಪ್ಪಟೆಯಾಗಿ, ತಟ್ಟೆಯಗಲದ ಒಂದು ಸುಳಿ ಬಿಚ್ಚಿಕೊಂಡು ಕೆಳಕ್ಕೆ ತೇಲಿಹೋಯಿತು.

“ತಾತ! ಬಿಳಿಮೀನಾ?”

ಮುದುಕ ಕಣ್ಣಿಗೆ ಕೈ ಅಡ್ಡವಿಟ್ಟು ಬಹಳ ಹೊತ್ತು ನೋಡಿದ. “ನೀಲಿ ರೆಕ್ಕೇದು,” ಎಂದು, ಬಟ್ಟಲನ್ನು ತೊಳೆಯಲು ಹೊಳೆಗಿಳಿದ.